ದಂಡಿನಲ್ಲಿ ಒಂದು ಕೋಣೆಗಾಗಿ

ಸುಂಕದ ಕಟ್ಟೆ

ಮೈಸೂರಿನಿಂದ ಬೆಂಗಳೂರಿಗೆ ಹೋದದ್ದನ್ನು ಪರದೇಶ ಪ್ರವಾಸ ಎಂದು ಕರೆದರೆ ನಗುವವರಿದ್ದಾರೆ. ಅವರು ದಂಡಿಗೆ ಹೋಗಿಲ್ಲ ಎಂದಷ್ಟೇ ಅದರ ಅರ್ಥ. ಬೆಂಗಳೂರಿನ ಪಡುವಣ ಅರ್ಧ ನಮ್ಮ ಮಹಾರಾಜರದು. ಮೂಡಣ ಅರ್ಧ ಇಂಗ್ಲಿಷರದು, ಅದೇ ದಂಡು. ಅಲ್ಲಿ ಕಾನೂನು ಬೇರೆ, ಪೊಲೀಸಿನವನ ಟೋಪಿ ಬೇರೆ, ಬೀದಿಯ ಮಾತು ಬೇರೆ. ನಡುವೆ ಸುಂಕದ ಕಟ್ಟೆ. ವಿಲಾಯಿತಿಗೆ ಹೋದವರು ಹಡಗಿನಲ್ಲಿ ಹೊಟ್ಟೆ ತೊಳಸಿದ್ದನ್ನು ಪುಟಗಟ್ಟಲೆ ಬರೆಯುತ್ತಾರೆ. ಬೆಂಗಳೂರು ಸಿಟಿಯಲ್ಲಿ ರೈಲಿಳಿದು ನಾನು ದಂಡಿಗೆ ಹೋದದ್ದು ಜಟಕಾದಲ್ಲಿ. ಹೊಟ್ಟೆ ಅವರಿಗಿಂತ ಕಡಿಮೆಯೇನೂ ತೊಳಸಲಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ನಕ್ಷೆ ಬರೆಯುವ ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರಿಂದ, ದಂಡಿನ ಕಟ್ಟಡಗಳ ಕಚೇರಿಯೊಂದು ಬೇರೆ ದಾರಿಯಿಲ್ಲದೆ ಹೆಂಗಸರನ್ನು ತೆಗೆದುಕೊಳ್ಳಲು ಒಪ್ಪಿತು. ನನ್ನ ತಂದೆ ಓವರ್ಸಿಯರ್ ಆಗಿದ್ದವರು. ಬದುಕಿದ್ದಾಗ ನನಗೆ ಅಡಿಗೆಗಿಂತ ಮೊದಲು ಅಳತೆಪಟ್ಟಿ ಹಿಡಿಯುವುದನ್ನು ಕಲಿಸಿದ್ದರು. ಕೆಲಸ ಸಿಕ್ಕಿತು. ಆದರೆ ಕಚೇರಿಯ ಮುಖ್ಯ ನಕ್ಷೆಗಾರನಾದ ಬಿಳಿಯನು ಒಂದು ಷರತ್ತು ಹಾಕಿದ: ಸೋಮವಾರ ಮಧ್ಯಾಹ್ನದೊಳಗೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರಲಾಗುವಂಥ ಒಂದು ವಾಸದ ವಿಳಾಸ ಹೇಳಬೇಕು. ವಿಳಾಸವಿಲ್ಲದ ಹೆಂಗಸಿಗೆ ಕೆಲಸವಿಲ್ಲ.

ಮನೆ ಹುಡುಕಲು ನನ್ನ ಸೋದರಮಾವ ರುದ್ರಪ್ಪನವರು ಜೊತೆಗೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ರುಮಾಲು, ಉದ್ದ ಕೋಟು, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ನಾನು ಬಾಯಿ ತೆರೆದಾಗಲೆಲ್ಲ "ಗಿರಿಜಾ, ನೀನು ಸುಮ್ನಿರು" ಎನ್ನುವುದು ಅವರ ಪ್ರವಾಸದ ಮುಖ್ಯ ಕೆಲಸವಾಗಿತ್ತು.

ಶುಕ್ರವಾರ ಬೆಳಿಗ್ಗೆ ಸುಂಕದ ಕಟ್ಟೆಯಲ್ಲಿ ಒಬ್ಬ ಗುಮಾಸ್ತ ಜಟಕಾ ನಿಲ್ಲಿಸಿ ನಮ್ಮ ಬುತ್ತಿಯ ಡಬ್ಬಿಯನ್ನು ಬೆರಳಿನಿಂದ ತಟ್ಟಿದ.

"ಎನ್ನ ಇದು? ಪೌಡರಾ?" ಎಂದು ತಮಿಳು ಬೆರೆಸಿ ಕೇಳಿದ.

"ಚಟ್ನಿಪುಡಿ ಕಣಯ್ಯ, ಸಿಡಿಮದ್ದಲ್ಲ" ಎಂದರು ಮಾವ.

ಸರ್ಕಾರದ ನೌಕರನಾದ ಮೇಲೆ ನಂಬಬಾರದಲ್ಲ! ಗುಮಾಸ್ತ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಬ್ಯಾಡಗಿ ಮೆಣಸಿನಕಾಯಿ ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು. ಅವನು ಸೀನುತ್ತಾ ಕೈಬೀಸಿ ಹೋಗಿ ಎಂದಾಗ, ಅರ್ಧ ಡಬ್ಬಿ ಬ್ರಿಟಿಷ್ ನೆಲದ ಮೇಲೆ ಚೆಲ್ಲಿತ್ತು. ಆ ನೆಲಕ್ಕೆ ರುಚಿಯೆಂಬುದು ಸೇರಿದ್ದು ಅದೇ ಮೊದಲಿರಬೇಕು.

ರಿಚರ್ಡ್ಸ್ ಟೌನು

ದಂಡಿನ ಒಳ್ಳೆಯ ಬಡಾವಣೆ ಯಾವುದೆಂದು ಯಾರನ್ನು ಕೇಳಿದರೂ ರಿಚರ್ಡ್ಸ್ ಟೌನ್ ಎನ್ನುತ್ತಿದ್ದರು. ಹೋಗಿ ನೋಡಿದೆವು. ಸಾಲುಮರ, ಕೆಂಪು ಹೆಂಚು, ಪ್ರತಿ ಕಿಟಕಿಗೂ ಕಸೂತಿಯ ಹಾಗೆ ಕೊರೆದ ಮರದ ಸೂರು. ಬೀದಿಯಲ್ಲಿ ಒಬ್ಬರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಸತ್ತವರ ಮನೆಗೆ ಬಂದಂತಿತ್ತು.

ಬಾಡಿಗೆಗಿದೆ ಎಂದು ಹಲಗೆ ತೂಗುಹಾಕಿದ್ದ ಬಂಗಲೆಯಲ್ಲಿ ಮಿಸೆಸ್ ಪಾಮರ್ ಎಂಬ ಆಂಗ್ಲೋ ಇಂಡಿಯನ್ ವಿಧವೆ ಇದ್ದರು. ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಬಳಿಯಂತೆ. ಆದರೂ ಮಾತುಮಾತಿಗೆ "ನಮ್ಮ ಊರಿನಲ್ಲಿ" ಎಂದು ಕಣ್ಣು ತೇಲಿಸುತ್ತಿದ್ದದ್ದು ಇಂಗ್ಲೆಂಡನ್ನು ಕುರಿತು. ಆ ಊರನ್ನು ಅವರು ನೋಡಿರಲಿಲ್ಲ, ಅದೂ ಇವರನ್ನು ನೋಡಿರಲಿಲ್ಲ.

ಮಾವ ಹತ್ತಿರವಿದ್ದ ಬೆತ್ತದ ಕುರ್ಚಿಯಲ್ಲಿ ಗಂಭೀರವಾಗಿ ಕುಳಿತರು. ಆಕೆ ಚೀರಿದರು: "ನೋ, ನೋ! ಅದು ಡ್ಯೂಕನ ಕುರ್ಚಿ!"

ಡ್ಯೂಕ್ ಬಾಗಿಲ ಬಳಿ ನಿಂತು ನೋಡುತ್ತಿತ್ತು. ಮುದಿ ನಾಯಿ, ಒಂದು ಕಣ್ಣಿಗೆ ಪೊರೆ. ಶಿರಸ್ತೇದಾರರು ಎದ್ದು ನಿಂತರು, ನಾಯಿ ಹತ್ತಿ ಕುಳಿತಿತು. ಉಳಿದ ಮಾತುಕತೆಯನ್ನು ಮಾವ ನಿಂತೇ ನಡೆಸಬೇಕಾಯಿತು.

ಕೋಣೆಯೆಂದು ತೋರಿಸಿದ್ದು ಹಿಂದಿನ ಜಗಲಿ. ಎರಡು ಕಡೆ ತೆಳು ಹಲಗೆ ಬಡಿದಿದ್ದರು. ಒಂದೇ ಒಂದು ಕಿಟಕಿ, ಅದೂ ಸ್ನಾನದ ಮನೆಯ ಒಳಕ್ಕೆ ತೆರೆಯುವಂಥದ್ದು. ಹಲಗೆ ಬಡಿಯುವಾಗ ಕಿಟಕಿ ಎತ್ತ ತೆರೆಯಬೇಕೆಂದು ಯಾರೂ ಕೇಳಿರಲಿಲ್ಲ.

"ಕ್ರಿಶ್ಚಿಯನ್ನಾ?" ಎಂದು ನನ್ನನ್ನು ಕೇಳಿದರು.

"ಅಲ್ಲ."

"ಒಗ್ಗರಣೆ ಹಾಕುವಂತಿಲ್ಲ. ವಾಸನೆ ಡ್ಯೂಕನಿಗೆ ಆಗುವುದಿಲ್ಲ. ಒದ್ದೆ ಸೀರೆ ಮುಂದಿನ ತೋಟದಲ್ಲಿ ಹಾರಾಡಬಾರದು. ಹಣೆಗೆ ಬೂದಿ ಬಳಿದವರು ಮುಂಬಾಗಿಲಿನಿಂದ ಬರುವ ಹಾಗಿಲ್ಲ" ಎನ್ನುತ್ತಾ ಮಾವನ ವಿಭೂತಿಯನ್ನು ನೋಡಿದರು.

ಮಾವ ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಹೇಳಿದರು, "ಮೇಡಂ, ನಾವು ಹಿಂಬಾಗಿಲಿನಿಂದಲೂ ಬರುವುದಿಲ್ಲ."

ಆ ನಾಲ್ಕು ದಿನಗಳಲ್ಲಿ ನಾನು ಮಾವನನ್ನು ಮನಸಾರೆ ಮೆಚ್ಚಿದ ಮೊದಲ ಸಂದರ್ಭ ಅದು.

ಹಲಸೂರು

ಶನಿವಾರ ಹಲಸೂರಿಗೆ ಹೋದೆವು. ಕೆರೆಯ ಒಂದು ದಡದಲ್ಲಿ ಅಗಸರು ಸೈನ್ಯದ ಖಾಕಿ ಒಗೆಯುತ್ತಿದ್ದರು. ಇನ್ನೊಂದು ದಡದಲ್ಲಿ ಆ ನೀರನ್ನೇ ತೀರ್ಥವೆಂದು ಜನ ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು. ಮಾವನಿಗೆ ಊರು ಹಿಡಿಸಿತು. ಗುಡಿ ಇದೆ, ಹೂವಿನ ಅಂಗಡಿ ಇದೆ, ನಾಯಿಗೆ ಕುರ್ಚಿ ಇಲ್ಲ.

ಮುನಿಸ್ವಾಮಿ ಮೊದಲಿಯಾರ್ ಎಂಬವರು ಸೈನ್ಯದ ಕುದುರೆಗಳಿಗೆ ಹುಲ್ಲು ಒದಗಿಸುತ್ತಿದ್ದರು. ಅವರ ಮನೆಯ ಹಿತ್ತಿಲ ಕಡೆಯ ಕೋಣೆ ಖಾಲಿ ಇತ್ತು. ಗಾಳಿ ಪರವಾಗಿಲ್ಲ, ನೆಲಕ್ಕೆ ಒಳ್ಳೆಯ ಗಾರೆ. ನನಗೂ ಆಸೆಯಾಯಿತು. ಅವರ ಹೆಂಡತಿ ರಾಜಮ್ಮಾಳ್ ಕಾಫಿ ತಂದುಕೊಟ್ಟರು. ಎಲ್ಲ ಮುಗಿಯಿತು ಎನ್ನುವಾಗ ಮೊದಲಿಯಾರರು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡಿ ಸಾರ್. ನಮಗೆ ಅಭ್ಯಂತರ ಇಲ್ಲ. ಆದ್ರೆ ಬೀದೀಲಿ ಕೇಳ್ತಾರೆ, ಯಾರು ಈ ಪೊಣ್ಣು, ಯಾಕೆ ಒಂಟಿಯಾಗವ್ಳೆ ಅಂತ. ಅದಕ್ಕೇ ಒಂದು ಯೋಚನೆ ಮಾಡಿದ್ದೀನಿ. ಗಂಡ ಬರ್ಮಾದಲ್ಲಿ ಯುದ್ಧಕ್ಕೆ ಹೋಗವ್ನೆ ಅಂತ ಹೇಳ್ಬಿಡೋಣ."

ನಾನು ಮಾವನ ಮುಖ ನೋಡಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತ್ತು.

"ಬಹಳ ಚೆನ್ನಾಗಿದೆ" ಎಂದರು ಮಾವ. "ಹೆಸರು ಚಂದ್ರಶೇಖರ ಅಂತಿರಲಿ."

"ಹವಾಲ್ದಾರ್ ಅನ್ನೋಣವಾ ಸಾರ್?"

"ಛೆ, ನಮ್ಮ ಮನೆತನಕ್ಕೆ ಅದು ಕಡಿಮೆ ಆಯ್ತು."

"ಹಂಗಾದ್ರೆ ಸುಬೇದಾರ್?"

"ಸುಬೇದಾರ್ ಅಂದ್ರೆ ವಯಸ್ಸಾಗಿರುತ್ತೆ. ಇವಳಿಗೆ ಎರಡನೇ ಸಂಬಂಧ ಅಂದ್ಕೋತಾರೆ. ಇವೆರಡರ ನಡುವಿನ ಜಮಾದಾರ್ ಸರಿ."

ಇಲ್ಲದ ಅಳಿಯನಿಗೆ ಬಡ್ತಿ ಕೊಡುವುದರಲ್ಲಿ ಇಬ್ಬರು ದೊಡ್ಡವರು ಹೀಗೆ ಮುಳುಗಿದ್ದರು. ಎತ್ತರ ಎಷ್ಟು, ಮೀಸೆ ಇದೆಯೋ ಇಲ್ಲವೋ ಎಂಬುದೂ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ರಾಜಮ್ಮಾಳ್ ಒಳಗಿನಿಂದ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಕರಿಮಣಿಯ ಸರ, ಒಂದು ಜೊತೆ ಕಾಲುಂಗುರ, ಸ್ವಲ್ಪ ಕುಂಕುಮ.

"ಹಾಕ್ಕೊಳಮ್ಮಾ. ನಂದೇ ಹಳೇದು. ಕಳಕಳಾಂತ ಇರುತ್ತೆ" ಎಂದರು. ಆಕೆಯ ಧ್ವನಿಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ನಾನು ಕೇಳಿದೆ, "ಯುದ್ಧ ಮುಗಿದ ಮೇಲೆ ಇವರು ವಾಪಸ್ ಬರ್ತಾರಾ?"

ಮೊದಲಿಯಾರರು ತಲೆ ಕೆರೆದುಕೊಂಡು, "ಅದು ಆವಾಗ ನೋಡ್ಕೊಳ್ಳೋಣಮ್ಮಾ" ಎಂದರು. ರಾಜಮ್ಮಾಳ್ ಮಾತ್ರ ಆಗಲೇ ಯೋಚಿಸಿದ್ದರೆಂದು ಕಾಣುತ್ತದೆ. ನಿಟ್ಟುಸಿರು ಬಿಟ್ಟು, "ಬರ್ದೆ ಹೋದ್ರೂ ನೀನು ಇಲ್ಲೇ ಇರ್ಬಹುದು ಕಣಮ್ಮಾ. ಪಾವಂ, ಪಾಪದ ಹುಡುಗೀನ ನಾವೇನು ಹೊರಗೆ ಹಾಕ್ತೀವಾ" ಎಂದರು.

ಒಂದು ಲೋಟ ಕಾಫಿ ಆರುವುದರೊಳಗೆ ನನಗೆ ಮದುವೆಯಾಗಿತ್ತು. ಲೋಟ ಕೆಳಗಿಡುವುದರೊಳಗೆ ವಿಧವೆಯೂ ಆಗಿದ್ದೆ. ನಾನು ತಟ್ಟೆಯನ್ನು ಆಕೆಯ ಕಡೆಗೆ ಸರಿಸಿ ಎದ್ದೆ.

"ಬಾಡಿಗೆಗೆ ಕೋಣೆ ಕೇಳೋಕೆ ಬಂದೆ ಅಮ್ಮಾ. ಇಲ್ಲದೆ ಇರೋ ಗಂಡನಿಗೆ ದಾರಿ ಕಾಯೋಕಲ್ಲ."

ಕೆರೆಯ ಏರಿಯ ಮೇಲೆ ಮಾವ ಹಿಂದೆಯೇ ಬಂದರು. ರುಮಾಲು ಓರೆಯಾಗಿತ್ತು.

"ಎಂಥಾ ಒಳ್ಳೇ ಜನ! ಮರ್ಯಾದೆ ಉಳಿಸೋ ದಾರಿ ತೋರಿಸಿದ್ರೆ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತೀಯಲ್ಲ!"

"ಅದು ಸುಳ್ಳು ಮಾವ."

"ಸುಳ್ಳಲ್ಲ, ಅನುಕೂಲ. ನಿಮ್ಮಪ್ಪ ನಿನಗೆ ಗೆರೆ ಎಳೆಯೋದು ಕಲಿಸಿದ್ರು. ಗೆರೆ ಸ್ವಲ್ಪ ಬಗ್ಗಿಸೋದನ್ನೂ ಕಲಿಸ್ಬೇಕಿತ್ತು."

ನಾನು ಬಿರಬಿರನೆ ಮುಂದೆ ನಡೆದೆ. ದುಡಿಯಲು ಬಂದ ಹೆಂಗಸಿಗೆ ಮಲಗುವ ಜಾಗ ಕೊಡಬೇಕಾದರೆ ಈ ಊರಿಗೆ ಒಬ್ಬ ಸುಳ್ಳು ಜಮಾದಾರನ ಜಾಮೀನು ಬೇಕು. ಸಾಮ್ರಾಜ್ಯದ ಬಗ್ಗೆ ಬಿಳಿಯರು ಎಷ್ಟು ಮೆರೆದರೂ ಇಷ್ಟೇ ಇದರ ಬಂಡವಾಳ.

ಕೃಷ್ಣರಾಜಪುರ

ಭಾನುವಾರ ಮಾವ ನನ್ನನ್ನು ಕೃಷ್ಣರಾಜಪುರಕ್ಕೆ ಕರೆದುಕೊಂಡು ಹೋದರು. ಎರಡು ರಾತ್ರಿ ತಂಗಿದ್ದ ಛತ್ರದಿಂದ ಸಾಮಾನೂ ಜೊತೆಗೆ ಬಂತು. ಹಲಸೂರು ದಾಟಿದ ಮೇಲೆ ಬಿನ್ನಮಂಗಲದ ಕಡೆ ರಾಗಿಹೊಲ, ಹೊಲದ ನಡುವೆ ಸೈನ್ಯದ ಗುಡಾರಗಳು, ಗುಡಾರಗಳ ನಡುವೆ ಮೇಯುವ ಎಮ್ಮೆ. ಅಲ್ಲಿ ಯಾರಾದರೂ ಮನೆ ಕಟ್ಟುತ್ತಾರೆಂದರೆ ಎಮ್ಮೆಯೂ ನಂಬುತ್ತಿರಲಿಲ್ಲ.

ಕೃಷ್ಣರಾಜಪುರ ದಂಡಿನ ಎಲ್ಲೆಯ ಆಚೆ ಇದೆ. ಅಂದರೆ ಮತ್ತೆ ಮಹಾರಾಜರ ನೆಲ. ಅಲ್ಲಿ ಮಾವನ ದೂರದ ನೆಂಟರು ಬಸಪ್ಪನವರು ರಾಗಿ ಮಂಡಿ ಇಟ್ಟಿದ್ದರು. ಗೋಡೆಯ ಮೇಲೆ ಮಹಾರಾಜರ ಪಟ, ತಟ್ಟೆಯಲ್ಲಿ ಮುದ್ದೆ, ಕಿವಿಗೆ ಕನ್ನಡ. ಮಾವ ಮೂರು ದಿನಗಳಲ್ಲಿ ಮೊದಲ ಬಾರಿಗೆ ಕೋಟಿನ ಗುಂಡಿ ಬಿಚ್ಚಿದರು.

"ಇಲ್ಲೇ ಇರ್ಲಿ ಬಿಡಿ ಮಗು" ಎಂದರು ಬಸಪ್ಪ. "ಬೆಳಿಗ್ಗೆ ರೈಲು ಐತೆ. ಕೂತ್ರೆ ದಂಡು, ಇಳಿದ್ರೆ ಕಚೇರಿ. ನಮ್ಮ ರೈಲು ನೋಡಿ ಗಡಿಯಾರ ಇಟ್ಕೋಬೋದು."

ಅವರ ಮನೆಯಲ್ಲಿ ಗಡಿಯಾರವಿರಲಿಲ್ಲ. ಕೋಣೆಯಲ್ಲಿ ರಾಗಿ ಮೂಟೆಗಳಿದ್ದವು. ಮೂಟೆಗಳ ನಡುವೆ ನನ್ನ ಹಾಸಿಗೆಯಿತ್ತು. ಆದರೂ ನಾನು ಒಪ್ಪಿದೆ. ಹೇಳಲು ಒಂದು ವಿಳಾಸವಾದರೂ ಆಯಿತಲ್ಲ.

ಸೋಮವಾರ ಬೆಳಿಗ್ಗೆ ಮಾವನೊಂದಿಗೆ ನಿಲ್ದಾಣಕ್ಕೆ ಹೋದೆ. ರೈಲು ಬರಲಿಲ್ಲ. ಅದರ ಬದಲು ಸೈನ್ಯದ ಗಾಡಿಯೊಂದು ನಿಲ್ಲದೆ ಹೋಯಿತು. ಹಿಂದೆ ಇನ್ನೊಂದು. ಕಿಟಕಿಗಳಲ್ಲಿ ಸಿಪಾಯಿಗಳು ಶಿಳ್ಳೆ ಹಾಕುತ್ತಿದ್ದರು, ತೆರೆದ ಬಂಡಿಗಳ ಮೇಲೆ ಫಿರಂಗಿಗಳಿಗೆ ಮುಸುಕು ಹೊದಿಸಿದ್ದರು. ಸ್ಟೇಷನ್ ಮಾಸ್ತರರನ್ನು ಕೇಳಿದರೆ, "ಮಿಲಿಟರಿ ಸ್ಪೆಷಲ್ ಅಮ್ಮಾ. ಅವು ಹೋದ ಮೇಲೆ ನಿಮ್ದು. ವಾರದಲ್ಲಿ ನಾಲ್ಕು ದಿನ ಹಿಂಗೇ" ಎಂದರು.

ಬಿಸಿಲು ಏರುತ್ತಿತ್ತು. ಇಂಥ ರೈಲನ್ನು ನಂಬಿ ಹೊತ್ತಿಗೆ ಸರಿಯಾಗಿ ಕಚೇರಿ ಸೇರುವ ಹಾಗಿಲ್ಲ, ಈ ವಿಳಾಸವೂ ಕೆಲಸಕ್ಕೆ ಬಾರದು. ಮಾವ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ ಕಣ್ಣು ತೆರೆದು ಶಾಂತವಾಗಿ ಹೇಳಿದರು:

"ಶಿವನ ಇಚ್ಛೆ ಇಲ್ಲ ಅಂತ ಕಾಣುತ್ತೆ ಗಿರಿಜಾ. ನಿನ್ನ ಪೆಟ್ಟಿಗೆ ತರಿಸ್ತೀನಿ. ಇದೇ ರೈಲಲ್ಲಿ ಸಿಟಿಗೆ ಹೋಗೋಣ, ಅಲ್ಲಿಂದ ಮೈಸೂರು."

ಅವರ ಧ್ವನಿಯಲ್ಲಿ ಗೆಲುವಿರಲಿಲ್ಲ, ದಣಿವಿತ್ತು. ಅದಕ್ಕೇ ಜಗಳವಾಡಲಾಗಲಿಲ್ಲ. ಶಿವನು ಸೈನ್ಯದ ರೈಲುಗಳ ವೇಳಾಪಟ್ಟಿಯನ್ನು ನೋಡಿಕೊಳ್ಳುತ್ತಾನೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಬಸಪ್ಪನ ಆಳು ಪೆಟ್ಟಿಗೆ ತಂದ. ಕೊನೆಗೂ ರೈಲು ಬಂತು. ಮಾವ ಪೆಟ್ಟಿಗೆಯೊಂದಿಗೆ ಗಂಡಸರ ಡಬ್ಬಿಗೆ ಹತ್ತಿದರು, ನಾನು ಹೆಂಗಸರ ಡಬ್ಬಿಗೆ.

ಹೆಂಗಸರ ಡಬ್ಬಿ

ಕಿಟಕಿಯ ಪಕ್ಕದ ಜಾಗವನ್ನೆಲ್ಲ ಬುರ್ಖಾ ತೊಟ್ಟ ಒಬ್ಬ ದಪ್ಪ ಹೆಂಗಸು ಆಕ್ರಮಿಸಿದ್ದಳು. ಕಾಲ ಬಳಿ ಹುಣಸೆಹಣ್ಣಿನ ಚೀಲ, ತೊಡೆಯ ಮೇಲೆ ಎಲೆ ಅಡಿಕೆಯ ಡಬ್ಬಿ. ಮುಸುಕನ್ನು ಮೇಲೆತ್ತಿಕೊಂಡು, ಬೌರಿಂಗ್‌ಪೇಟೆಯ ತನ್ನ ತಂಗಿಯ ಜಿಪುಣತನವನ್ನು ಇಡೀ ಡಬ್ಬಿಗೆ ವಿವರಿಸುತ್ತಿದ್ದಳು. ನಾನು ಅಳಬಾರದೆಂದು ಹಲ್ಲು ಕಚ್ಚಿ ಕುಳಿತವಳು. ಆ ಗದ್ದಲ ಮೈ ಉರಿಸಿತು.

"ಕ್ಯಾ ಬೇಟಿ, ಮುಖ ಹಿಂಗೆ ಯಾಕೆ? ಯಾರ್ ಸತ್ತೋದ್ರು?"

"ಚಂದ್ರಶೇಖರ ಅಂತ ಒಬ್ಬ ಜಮಾದಾರ" ಎಂದೆ.

ಆಕೆ ಬಾಯಿಗೆ ಕೈಯಿಟ್ಟುಕೊಂಡಳು. ಆ ಗಾಬರಿ ನೋಡಿ ನನಗೆ ನಗು ಬಂತು, ನಗುವಿನ ಹಿಂದೆ ಅಳುವೂ ಬಂತು. ಹಾಗೆಯೇ ಎಲ್ಲವನ್ನೂ ಹೇಳಿಬಿಟ್ಟೆ. ಆಕೆಯ ಹೆಸರು ಜುಲೇಖಾಬಿ. ಗಂಡ ದಂಡಿನಲ್ಲೇ ಬ್ಲಾಕ್‌ಪಲ್ಲಿ ಎಂಬ ಕೇರಿಯ ಮಾರ್ಕೆಟ್ ಹಿಂದೆ ಸಿಪಾಯಿಗಳ ಅಂಗಿ ಹೊಲಿಯುವ ದರ್ಜಿ.

"ನಮ್ದು ಮೇಲೆ ರೂಮ್ ಖಾಲಿ ಐತೆ" ಎಂದಳು, ಎಲೆಗೆ ಸುಣ್ಣ ಹಚ್ಚುತ್ತಾ. "ಒಂದು ಮಾತು ಕೇಳ್ತೀನಿ, ಸಚ್ ಹೇಳ್ಬೇಕು."

ಮತ್ತೆ ಗಂಡನ ವಿಷಯ ಬಂತು ಎಂದುಕೊಂಡೆ.

"ರಾತ್ರಿ ಎದ್ದು ಓಡಾಡ್ತೀಯಾ? ಮೇಲ್ಗಡೆ ಹಲಗೆ ಕಿರ್ ಅಂತದೆ. ನಮ್ ಯಜಮಾನ್ರಿಗೆ ನಿದ್ದೆ ಹತ್ತಲ್ಲ."

"ಇಲ್ಲ, ಕಟ್ಟಿಗೆ ಹಾಗೆ ಮಲಗ್ತೀನಿ."

"ಹಂಗಾದ್ರೆ ಬಾ. ನಾವು ಗೋಷ್ತ್ ತಿಂತೀವಿ, ನೀನು ತಿನ್ನಲ್ಲ. ನಿನ್ ಒಲೆ ಮೇಲೆ, ನಮ್ ಒಲೆ ಕೆಳಗೆ. ಹೊಗೆ ಮಾತ್ರ ಒಂದಾಯ್ತದೆ, ಅದಕ್ಕೆ ನಾನೇನ್ ಮಾಡ್ಲಿ?"

ಬ್ಲಾಕ್‌ಪಲ್ಲಿಯ ವಿಷಯ ನನಗೆ ಗೊತ್ತಿತ್ತು. ಜಟಕಾದವನು ಕೂಡ ಆ ಹೆಸರು ಹೇಳುವಾಗ ಮೂಗು ಮುರಿದಿದ್ದ. ಆದರೆ ನಾಲ್ಕು ದಿನಗಳಲ್ಲಿ ಕೋಣೆ ಕೊಡುವವರು ನನ್ನ ಬಗ್ಗೆ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ರೈಲು ದಂಡಿನ ನಿಲ್ದಾಣದಲ್ಲಿ ನಿಂತಿತು. ಜುಲೇಖಾಬಿ ಹುಣಸೆಹಣ್ಣಿನ ಚೀಲದ ಒಂದು ಕಿವಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಇಳಿದುಬಿಟ್ಟೆ.

ದಂಡಿನ ನಿಲ್ದಾಣ

ಗಂಡಸರ ಡಬ್ಬಿಯ ಕಿಟಕಿಯಲ್ಲಿ ಮಾವನ ರುಮಾಲು ಕಾಣಿಸಿತು.

"ಏನೇ ಇದು? ಇಲ್ಲಿ ಯಾಕೆ ಇಳಿದೆ? ಹತ್ತು, ಹತ್ತು!"

"ಕೋಣೆ ಸಿಕ್ತು ಮಾವ. ಬ್ಲಾಕ್‌ಪಲ್ಲಿಯಲ್ಲಿ. ಇವರ ಮನೆ ಮೇಲೆ."

ಮಾವ ಜುಲೇಖಾಬಿಯನ್ನು ನೋಡಿದರು. ಆಕೆ ಸಲಾಮು ಮಾಡಿದಳು, ಮಾಡಿ ಪ್ಲಾಟ್‌ಫಾರಂ ಮೇಲೆ ಎಲೆಯ ಉಗುಳು ಉಗಿದಳು. ಇದಕ್ಕಿಂತ ಕೆಟ್ಟ ಗಳಿಗೆಯನ್ನು ಆಕೆ ಆರಿಸಿಕೊಳ್ಳಲು ಸಾಧ್ಯವಿರಲಿಲ್ಲ.

"ನಿನಗೆ ಹುಚ್ಚು ಹಿಡಿದಿದೆಯಾ? ನಿಮ್ಮಮ್ಮನಿಗೆ ನಾನು ಯಾವ ಮುಖ ತೋರಿಸ್ಲಿ?"

"ಇದೇ ಮುಖ ತೋರಿಸಿ. ನನಗೆ ಕೆಲಸ ಸಿಕ್ಕಿದೆ ಅಂತ ಹೇಳಿ. ಈಗ ನನ್ನ ಪೆಟ್ಟಿಗೆ ಕೊಡಿ."

"ಕೊಡಲ್ಲ. ಪೆಟ್ಟಿಗೆ ಇಲ್ಲದೆ ಹೆಂಗೆ ಹೋಗ್ತೀಯೋ ನೋಡ್ತೀನಿ."

ಆ ಪೆಟ್ಟಿಗೆಯಲ್ಲಿ ನನ್ನ ಬಟ್ಟೆಯ ಜೊತೆಗೆ ಅಪ್ಪನ ಅಳತೆಪಟ್ಟಿಗಳೂ ಮಸಿಯ ಲೇಖನಿಗಳೂ ಇದ್ದವು. ಅವಿಲ್ಲದೆ ಕಚೇರಿಗೆ ಹೋಗಿ ಏನು ಮಾಡಲಿ? ಗಾರ್ಡು ಹಸಿರು ಬಾವುಟ ಬೀಸಿದ.

"ಹಾಗಾದ್ರೆ ಅಮ್ಮನಿಗೇ ಕೊಡಿ ಮಾವ" ಎಂದೆ. "ನಾನು ಹೀಗೇ ಹೋಗ್ತೀನಿ."

ರೈಲು ಅಲುಗಿತು. ಮಾವನ ಮುಖ ಕಿಟಕಿಯಿಂದ ಮಾಯವಾಯಿತು. ಮುಗಿಯಿತು, ಇನ್ನು ಇವರು ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಡಬ್ಬಿಯ ಬಾಗಿಲಲ್ಲಿ ಪೆಟ್ಟಿಗೆಯ ಮೂಲೆ ಕಾಣಿಸಿತು. ಅದರ ಹಿಂದೆ ಮಾವ. ರುಮಾಲು ಬಿಚ್ಚಿ ಭುಜಕ್ಕೆ ಬಿದ್ದಿತ್ತು. ಯಾರೋ ಇಬ್ಬರು ಸಿಪಾಯಿಗಳು ಹಿಂದಿನಿಂದ ನೂಕುತ್ತಿದ್ದರು. ಪೆಟ್ಟಿಗೆ ಧಡಾರನೆ ಪ್ಲಾಟ್‌ಫಾರಂಗೆ ಬಿತ್ತು. ಬೀಗ ಮುರಿದು, ಅಳತೆಪಟ್ಟಿಗಳು ನಾಲ್ಕೂ ಕಡೆಗೆ ಹಾರಿದವು.

ನಾನು ಓಡಿ ಹೆಕ್ಕುತ್ತಿದ್ದೆ. ರೈಲು ವೇಗ ಹಿಡಿಯುತ್ತಿತ್ತು. ಬಾಗಿಲ ಕಂಬಿ ಹಿಡಿದು ಹೊರಗೆ ಬಾಗಿ ಮಾವ ಕೂಗಿದರು:

"ಚಿಲಕ ಗಟ್ಟಿ ಇದೆಯಾ ನೋಡ್ಕೊಳೇ, ಗಿರಿಜಾ! ಚಿಲಕ ನೋಡ್ಕೋ!"

ಬ್ಲಾಕ್‌ಪಲ್ಲಿ

ಬ್ಲಾಕ್‌ಪಲ್ಲಿಯನ್ನು ಹೊಗಳುವವರು ಅಲ್ಲಿ ಮನೆ ಮಾರಬೇಕಾದವರೇ ಇರಬೇಕು. ಮಾರ್ಕೆಟ್ಟಿನ ಹಿಂದಿನ ಚರಂಡಿಯಲ್ಲಿ ಕಟುಕರ ಅಂಗಡಿ ತೊಳೆದ ನೀರು ಹರಿಯುತ್ತದೆ. ಜಟಕಾದವರು ತಮಿಳಿನಲ್ಲಿ ಬೈಯುತ್ತಾರೆ, ಗಿರಾಕಿಗಳು ಉರ್ದುವಿನಲ್ಲಿ ತಿರುಗಿ ಬೈಯುತ್ತಾರೆ, ಕುಡಿದ ಸಿಪಾಯಿಗಳು ಇಂಗ್ಲಿಷಿನಲ್ಲಿ ಯಾರನ್ನೆಂದಿಲ್ಲದೆ ಬೈಯುತ್ತಾರೆ. ಕನ್ನಡದಲ್ಲಿ ಬೈಸಿಕೊಳ್ಳುವ ಸುಖ ಆ ಬೀದಿಯಲ್ಲಿ ಇಲ್ಲ.

ಜುಲೇಖಾಬಿಯೂ ದೇವತೆಯೇನಲ್ಲ. ರೈಲಿನಲ್ಲಿ ಮಗಳೇ ಎಂದವಳು ಮನೆಯ ಮೆಟ್ಟಿಲು ಹತ್ತುತ್ತಿದ್ದ ಹಾಗೆ ಬಾಡಿಗೆಗೆ ಜಗ್ಗಾಡಲು ಶುರುಮಾಡಿದಳು. ನಾನೂ ಬಿಡಲಿಲ್ಲ. ಆದರೆ ಕೋಣೆಯೊಳಗೆ ನಿಂತಾಗ ಜಗ್ಗಾಟ ಮರೆತು ಕಿಟಕಿಗಳನ್ನು ಎಣಿಸಿದೆ. ಎದುರುಬದುರಾಗಿ ಎರಡು ಕಿಟಕಿ. ಉತ್ತರದ ಬೆಳಕು ನೆಲದ ಮೇಲೆ ಒಂದೇ ಸಮನೆ ಬಿದ್ದಿತ್ತು. ಮೆಟ್ಟಿಲು ಹೊರಗಿನಿಂದ ಬೇರೆಯೇ. ಕಟ್ಟಿದವನು ಯಾರೋ, ಒಮ್ಮೆಯಾದರೂ ಯೋಚಿಸಿ ಕಟ್ಟಿದ್ದ. ಚಿಲಕ ಮಾತ್ರ ಅಲ್ಲಾಡುತ್ತಿತ್ತು. ಜುಲೇಖಾಬಿ ಗಂಡನನ್ನು ಕೂಗಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದ ಆ ಸಣಕಲು ಮನುಷ್ಯ ಎರಡು ಹೊಸ ಮೊಳೆ ಹೊಡೆದು ಹೋದ.

ಮುಖ ತೊಳೆದು, ಸೀರೆ ಕೊಡವಿ, ಅಳತೆಪಟ್ಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಹೋದೆ. ಪೆರೇಡ್ ಮೈದಾನದಾಚೆ ಕಚೇರಿ. ಮಧ್ಯಾಹ್ನದ ಗಂಟೆ ಇನ್ನೂ ಹೊಡೆದಿರಲಿಲ್ಲ. ಮುಖ್ಯ ನಕ್ಷೆಗಾರ ತಲೆಯೆತ್ತದೆ ಕೇಳಿದ, "ವಾಸ?"

"ಬ್ಲಾಕ್‌ಪಲ್ಲಿ, ಸರ್. ಮಾರ್ಕೆಟ್ಟಿನ ಹಿಂದೆ."

ಪೆನ್ಸಿಲು ನಿಂತಿತು. ಬಿಸಿಲಿಗೆ ಕೆಂಪಾದ ಕುತ್ತಿಗೆಯನ್ನು ತಿರುಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮರ್ಯಾದಸ್ಥ ಹೆಂಗಸರು ಬ್ಲಾಕ್‌ಪಲ್ಲಿಯಲ್ಲಿ ವಾಸ ಮಾಡುವುದಿಲ್ಲ, ಮಿಸ್."

"ಇವತ್ತು ಬೆಳಿಗ್ಗೆಯಿಂದ ಮಾಡುತ್ತಿದ್ದಾರೆ, ಸರ್" ಎಂದೆ.

ಪಕ್ಕದ ಮೇಜಿನ ಮದರಾಸಿ ಗುಮಾಸ್ತ ಕೆಮ್ಮಿದ. ಬಿಳಿಯನು ಮೇಜಿನ ಮೇಲಿದ್ದ ಒಂದು ಸುರುಳಿಯನ್ನು ನನ್ನ ಕಡೆಗೆ ಉರುಳಿಸಿದ. ಸಂಜೆಯೊಳಗೆ ಪ್ರತಿ ತೆಗೆಯಬೇಕಂತೆ.

ಕಿಟಕಿಯ ಬಳಿಯ ಹಲಗೆಯ ಮೇಲೆ ಅದನ್ನು ಹರಡಿ ನೋಡಿದೆ. ಐವತ್ತು ಜನ ಸಿಪಾಯಿಗಳಿಗಾಗಿ ಕಟ್ಟಲಿರುವ ಪಾಯಿಖಾನೆಯ ನಕ್ಷೆ. ಬರೆದವನು ಬಾಗಿಲುಗಳನ್ನೆಲ್ಲ ಒಳಕ್ಕೆ ತೆರೆಯುವಂತೆ ಬರೆದಿದ್ದ. ಹಾಗೆ ಕಟ್ಟಿದರೆ ಒಳಗೆ ಹೋದವನು ಬಾಗಿಲು ಮುಚ್ಚಲು ಜಾಗವೇ ಇರುವುದಿಲ್ಲ. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಮಸಿಯ ಕುಡಿಕೆ ತೆರೆದೆ, ಯಾರನ್ನೂ ಕೇಳದೆ ನನ್ನ ಪ್ರತಿಯಲ್ಲಿ ಮೊದಲನೆಯ ಬಾಗಿಲನ್ನು ಹೊರಕ್ಕೆ ತಿರುಗಿಸಿದೆ.